ನಾಲ್ಕನೆಯವಳ ಅರ್ಜಿ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಸೈಕಲ್ಲಿನ ಬಣ್ಣ, ಯಾರು ಯಾವ ಬಸ್ಸಿಗೆ ಬಂದಿಳಿದರು, ನನಗೆ ಆಗ ಏಳು ವರ್ಷವೋ ಎಂಟೋ, ಇಂಥವನ್ನು ಖಾತ್ರಿಯಾಗಿ ಹೇಳಲಾರೆ. ಕಾಲೇಜು ಮುಗಿದಾಗಿನಿಂದ ದಿನಚರಿ ಬರೆಯುತ್ತಿದ್ದೇನೆ. ಬರೆದಿಟ್ಟರೆ ನೆನಪು ಗಟ್ಟಿಯಾಗುತ್ತದೆ ಎಂದುಕೊಂಡಿದ್ದೆ. ಆದದ್ದು ಬೇರೆ. ಹಳೆಯ ದಿನಚರಿ ತೆಗೆದರೆ ನನಗೆ ಚೆನ್ನಾಗಿ ನೆನಪಿರುವ ಸಂಗತಿಗಳು ಅಲ್ಲಿ ಇರುವುದಿಲ್ಲ. ಅಲ್ಲಿರುವ ಸಂಗತಿಗಳು ನನಗೆ ನೆನಪಿರುವುದಿಲ್ಲ. ಬರೆದವಳು, ಓದುವವಳು ಇಬ್ಬರಲ್ಲಿ ಯಾರೋ ಒಬ್ಬಳು ಸುಳ್ಳು ಹೇಳುತ್ತಿದ್ದಾಳೆ. ಯಾರೆಂದು ನನಗೆ ಇನ್ನೂ ಗೊತ್ತಾಗಿಲ್ಲ.

ಆದರೆ ಒಂದು ವಿಷಯ ಖಂಡಿತ. ರಾಷ್ಟ್ರೀಯ ಕ್ರೀಡಾ ಪ್ರಶಸ್ತಿಗಳ ಪಟ್ಟಿ ಪತ್ರಿಕೆಯಲ್ಲಿ ಬಂದ ದಿನ ನಮ್ಮ ಬೆಟಗೇರಿಯ ಮನೆಯಲ್ಲಿ ಅಡುಗೆ ತಡವಾಗುತ್ತದೆ. ಅವ್ವ ಕನ್ನಡಕ ಹಾಕಿಕೊಂಡು ಇಡೀ ಪಟ್ಟಿಯನ್ನು ಗಟ್ಟಿಯಾಗಿ ಓದುತ್ತಾಳೆ. ಬಿಲ್ಲುಗಾರನ ಹೆಸರಿನ ಪ್ರಶಸ್ತಿ ಆಟಗಾರರಿಗೆ, ಗುರುವಿನ ಹೆಸರಿನದು ತರಬೇತುದಾರರಿಗೆ, ಮತ್ತೊಂದು ಜೀವಮಾನದ ಸೇವೆಗೆ. ಪ್ರತಿ ಹೆಸರಿಗೂ ನಿಂತು, ‘ನಮ್ಮ ಕಡ್ಯಾರೇನು?’ ಎಂದು ಕೇಳುತ್ತಾಳೆ. ಹೆಸರಿನ ಕೊನೆಗೆ ಪಾಟೀಲ ಎಂದಿದ್ದರೆ ಅರ್ಧ ನಮ್ಮವರು. ಅದು ಕೊಲ್ಲಾಪುರದ ಕಡೆಯ ಪಾಟೀಲ ಎಂದು ನಾನು ಹೇಳಿದರೆ, ಗದಗಿನಿಂದ ಕೊಲ್ಲಾಪುರ ಎಷ್ಟು ದೂರ, ಎನ್ನುತ್ತಾಳೆ. ಆಮೇಲೆ ನಾವಿಬ್ಬರೂ ಸಮಾರಂಭದ ಫೋಟೊ ನೋಡುತ್ತೇವೆ. ನನಗೆ ಅದರಲ್ಲಿ ಕುತೂಹಲ ಎಂದರೆ ಅವರ ನಡಿಗೆ. ಒಂದೇ ನೆಗೆತಕ್ಕೆ ನಮ್ಮ ಪಡಸಾಲೆಯನ್ನು ದಾಟಬಲ್ಲ ಹುಡುಗಿ ಆ ಕೆಂಪು ಹಾಸಿನ ಮೇಲೆ ಮಾತ್ರ ಹೆಜ್ಜೆ ಎಣಿಸಿ ಇಡುತ್ತಾಳೆ. ಎದುರಾಳಿಯನ್ನು ಎತ್ತಿ ಒಗೆಯುವ ಪೈಲ್ವಾನನಿಗೆ ಕೋಟಿನೊಳಗೆ ಕೈ ಎಲ್ಲಿಡಬೇಕೆಂದು ತಿಳಿಯುವುದಿಲ್ಲ.

ಈ ಹೆಸರುಗಳನ್ನು ಯಾರು ಹುಡುಕುತ್ತಾರೆ ಎಂದು ನಾನು ಬಹಳ ದಿನ ಯೋಚಿಸಿರಲಿಲ್ಲ. ದಿಲ್ಲಿಯಲ್ಲಿ ಒಬ್ಬ ಹಿರಿಯರು ಎತ್ತರದ ಕಿಟಕಿಯ ಬಳಿ ಕುಳಿತು ದೇಶದ ಮೈದಾನಗಳನ್ನೆಲ್ಲ ನೋಡುತ್ತಿರುತ್ತಾರೆ, ಯಾರಾದರೂ ಚೆನ್ನಾಗಿ ಓಡಿದರೆ ಬರೆದುಕೊಳ್ಳುತ್ತಾರೆ ಎಂಬಂಥ ಒಂದು ಚಿತ್ರ ತಲೆಯಲ್ಲಿತ್ತು. ನಲವತ್ತರ ಹತ್ತಿರ ಬಂದ, ಎಂ.ಎ. ಓದಿದ ಹೆಂಗಸು ಹೇಳಬಾರದ ಮಾತಿದು. ಅರ್ಜಿ ಹಾಕಬೇಕು, ಬೇಕಾದರೆ ತಾವೇ ತಮಗೆ ಹಾಕಿಕೊಳ್ಳಬಹುದು ಎಂದು ತಿಳಿದದ್ದು ಈ ವರ್ಷ. ತಿಳಿದಾಗ ಸ್ವಲ್ಪ ಬೇಜಾರಾಯಿತು, ದೇವರಿಗೂ ಟಪಾಲು ವಿಭಾಗ ಇದೆ ಎಂದು ಗೊತ್ತಾದ ಹಾಗೆ.

ಬೇಜಾರು ಹೋಗಲಾಡಿಸಿದ್ದು ನಾನು ಓದಿದ ಇತಿಹಾಸ. ಹಳೆಯ ಶಾಸನಗಳಲ್ಲಿ ರಾಜನ ಬಿರುದುಗಳನ್ನು ಸಾಲಾಗಿ ಪೋಣಿಸಿ ಹೊಗಳುವ ಭಾಗಕ್ಕೂ ಪ್ರಶಸ್ತಿ ಎಂದೇ ಹೆಸರು. ಅದನ್ನು ಬರೆಯುತ್ತಿದ್ದವನು ಹೆಚ್ಚಾಗಿ ಆ ರಾಜನ ಅನ್ನ ಉಂಡವನು. ಹಾಗೆ ನೋಡಿದರೆ ತಮ್ಮ ಹೊಗಳಿಕೆಯನ್ನು ತಾವೇ ಹೊರಡಿಸುವುದು ನಮ್ಮಲ್ಲಿ ಸಾವಿರ ವರ್ಷದ ಪದ್ಧತಿ. ಈಗ ದಾಖಲೆ ಲಗತ್ತಿಸಬೇಕು, ಅಷ್ಟೇ ಸುಧಾರಣೆ. ರಾಜರಲ್ಲದವರಿಗೆ ಇದ್ದದ್ದು ವೀರಗಲ್ಲು. ಲಕ್ಷ್ಮೇಶ್ವರದ ಕಡೆ ಹೋದರೆ ಗುಡಿಯ ಮಗ್ಗುಲಿಗೆ, ಹೊಲದ ಬದುವಿಗೆ ಒಂದೆರಡು ಸಿಗುತ್ತವೆ. ಕೆಳಗಿನ ಪಟ್ಟಿಯಲ್ಲಿ ಕಾಳಗ, ಅದರ ಮೇಲೆ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವುದು, ತುದಿಯಲ್ಲಿ ಶಿವನ ಸನ್ನಿಧಿ. ಆ ಪ್ರಶಸ್ತಿಗೆ ಅರ್ಜಿ ಬೇಕಿರಲಿಲ್ಲ. ಸಾಯಬೇಕಿತ್ತು.

ನಾನು ಜೀವಮಾನದ ಸೇವೆಯ ಪ್ರಶಸ್ತಿಗೆ ಅರ್ಜಿ ತುಂಬಿದ್ದು ನೀಲಚಿಗವ್ವನಿಗಾಗಿ. ನೀಲವ್ವ ನಮ್ಮ ಅವ್ವನ ಕೊನೆಯ ತಂಗಿ. ಹುಟ್ಟಿದ್ದು ಮುಂಡರಗಿ ತಾಲೂಕಿನ ಕೊರ್ಲಹಳ್ಳಿ, ಹೊಳೆಯ ದಂಡೆಯ ಊರು. ಅಪ್ಪನ ದೊಡ್ಡ ಸೈಕಲ್ಲಿನ ನಡುವಿನ ಕೊಳವೆಯ ಕೆಳಗೆ ಕಾಲು ತೂರಿಸಿ, ಅರ್ಧ ನೇತಾಡುತ್ತ ಸೈಕಲ್ ಕಲಿತವಳು. ಆಮೇಲೆ ರೇಸಿನ ಸೈಕಲ್ ಹತ್ತಿ ರಾಜ್ಯದ ತಂಡಕ್ಕೆ ಹೋದಳು. ಆಮೇಲೆ ಶಿರಹಟ್ಟಿಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆದಳು. ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡು ಹೆಚ್ಚು ದಿನವಾಗಿಲ್ಲ. ಈಗಲೂ ಬೆಳಿಗ್ಗೆ ಒಂಬತ್ತು ಹುಡುಗಿಯರನ್ನು ರಸ್ತೆಗೆ ಇಳಿಸುತ್ತಾಳೆ.

ಅವಳ ತರಬೇತಿಯಲ್ಲಿ ಒಂದು ವಿಚಿತ್ರ ನಿಯಮವಿದೆ. ನಮ್ಮ ಸೀಮೆಯ ಗಾಳಿ ನಿಮಗೆ ಗೊತ್ತಿಲ್ಲದಿದ್ದರೆ, ಕಪ್ಪತಗುಡ್ಡದ ಮೇಲೆ ಸಾಲಾಗಿ ನಿಲ್ಲಿಸಿದ ಗಾಳಿಯಂತ್ರಗಳನ್ನು ನೆನೆಸಿಕೊಳ್ಳಿ. ಅವನ್ನು ಚೆಂದಕ್ಕೆಂದು ನಿಲ್ಲಿಸಿಲ್ಲ. ಆಷಾಢದಲ್ಲಿ ಎದುರು ಗಾಳಿಗೆ ಸೈಕಲ್ ಹೊಡೆಯುವುದೆಂದರೆ ಗೋಡೆ ದೂಡಿದಂತೆ. ಒಬ್ಬಳು ಮುಂದೆ ಹೋಗಿ ಆ ಗಾಳಿಯನ್ನು ಮೈಮೇಲೆ ತೆಗೆದುಕೊಂಡರೆ ಅವಳ ಹಿಂದಿನ ಚಕ್ರಕ್ಕೆ ಗೇಣು ದೂರದಲ್ಲಿ ಅಂಟಿಕೊಂಡು ಬರುವವಳಿಗೆ ಅರ್ಧ ಶ್ರಮ ಉಳಿಯುತ್ತದೆ. ಇದಕ್ಕೆ ಇವರು ಗಾಳಿ ಕಡಿಯುವುದು ಎನ್ನುತ್ತಾರೆ. ಚಿಗವ್ವನ ಹುಡುಗಿಯರು ಪಾಳಿಯ ಮೇಲೆ ಗಾಳಿ ಕಡಿಯುತ್ತಾರೆ. ವಾಪಸ್ಸು ಬಂದ ಮೇಲೆ ಅವಳು ಡಬ್ಬಿ ತೆಗೆದು ಶೇಂಗಾ ಬೆಲ್ಲ ಹಂಚುತ್ತಾಳೆ. ಮೊದಲ ಹಿಡಿ ಮೊದಲು ಬಂದವಳಿಗಲ್ಲ. ಅವತ್ತು ಹೆಚ್ಚು ಹೊತ್ತು ಗಾಳಿ ಕಡಿದವಳಿಗೆ. ಅದು ಯಾರೆಂದು ತೀರ್ಮಾನಿಸುವವರು ಹುಡುಗಿಯರೇ. ಅಲ್ಲಿ ನಡೆಯುವ ವಾದ ಯಾವ ಆಯ್ಕೆ ಸಮಿತಿಯಲ್ಲೂ ನಡೆಯಲಿಕ್ಕಿಲ್ಲ. ಒಂದು ದಿನ ನಾನು ಕೇಳಿಸಿಕೊಂಡದ್ದು:

‘ಟೀಚರ್, ಇಕಿ ಮುಂದಿದ್ಲು ಖರೆ, ಆದ್ರ ಅದು ಇಳುಕಲ ಇತ್ರಿ. ಇಳುಕಲದಾಗ ನಮ್ಮ ಆಯೀನೂ ಮುಂದ ಹೋಗ್ತಾಳ.’

ಇಷ್ಟೆಲ್ಲ ಇದ್ದರೂ ಚಿಗವ್ವನಿಗೆ ಪ್ರಶಸ್ತಿಯ ಆಸೆ ಇರಲಿಲ್ಲ. ಬೇಕಾದದ್ದು ಒಂದು ಖೋಲಿ. ಆ ಒಂಬತ್ತು ಸೈಕಲ್‌ಗಳು ಶಾಲೆಯ ಹಿಂದಿನ ಒಂದು ಖಾಲಿ ಖೋಲಿಯಲ್ಲಿ ಇರುತ್ತಿದ್ದವು. ಅವಳು ನಿವೃತ್ತಳಾದ ಮೇಲೆ ಆ ಖೋಲಿ ಬೇರೆ ಕೆಲಸಕ್ಕೆ ಬೇಕಾಗಿದೆ ಎಂದು ಸೌಮ್ಯವಾಗಿಯೇ ಹೇಳಿದರು. ಅವರದೂ ತಪ್ಪಲ್ಲ. ಆಗ ಹುಡುಗಿಯರಲ್ಲಿ ಒಬ್ಬಳು ಮೊಬೈಲಿನಲ್ಲಿ ಅರ್ಜಿಯ ಪ್ರಕಟಣೆ ನೋಡಿ, ಪ್ರಶಸ್ತಿ ಬಂದ ಟೀಚರಿಗೆ ಸೈಕಲ್ ಹೊರಗಿಡಿ ಎಂದು ಯಾರು ಹೇಳುತ್ತಾರೆ ಎಂದು ತರ್ಕ ಹೂಡಿದಳು. ಪ್ರಶಸ್ತಿ ಬರುವುದಿರಲಿ, ದಿಲ್ಲಿಗೆ ಅರ್ಜಿ ಹೋಗಿದೆ ಎಂದರೂ ಒಂದು ವರ್ಷ ಖೋಲಿ ಉಳಿಯುತ್ತದೆ ಎಂದು ನನಗೂ ಅನ್ನಿಸಿತು. ಬರೆಯುವವಳು ನಾನೆಂದು ನಿಶ್ಚಯವಾಯಿತು. ಮನೆತನದಲ್ಲಿ ಒಬ್ಬಳು ಎಂ.ಎ. ಇದ್ದರೆ ಉಳಿದವರಿಗೆ ಎಷ್ಟು ಅನುಕೂಲ ನೋಡಿ.

ಅರ್ಜಿಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಅಂಕಣಗಳು ಎರಡು. ಒಂದು ಸಾಧನೆ, ಒಂದು ನಾಯಕತ್ವ. (ಶಬ್ದಗಳು ಹೀಗೇ ಇದ್ದವೋ ಇಲ್ಲವೋ, ಅರ್ಥ ಇದು.) ಎರಡನೆಯದಕ್ಕೆ ಏನು ಬರೆಯಲಿ ಎಂದು ಚಿಗವ್ವನನ್ನೇ ಕೇಳಿದೆ. ಅವಳು ಒಂದು ಚಕ್ರದ ಕಡ್ಡಿಗಳನ್ನು ಬೆರಳಿನಿಂದ ಮೀಟಿ ಮೀಟಿ ನೋಡುತ್ತಿದ್ದಳು.

‘ನಾಯಕತ್ವ ಅಂದ್ರ ಏನಿರತೈತಿ? ಮುಂದ ಹೋಗೂದು. ಮುಂದ ಹ್ವಾದಾಕಿಗೆ ಗಾಳಿ ಬಡಿತೈತಿ. ಅಷ್ಟ ಬರಿ.’

ಅಷ್ಟನ್ನೇ ಬರೆದಿದ್ದರೆ ಚೆನ್ನಾಗಿರುತ್ತಿತ್ತು ಎಂದು ಈಗ ಅನ್ನಿಸುತ್ತದೆ. ನಾನು ಎರಡು ಪುಟ ಬರೆದೆ.

ಸಾಧನೆಯ ಅಂಕಣ ಸುಲಭ ಎಂದುಕೊಂಡಿದ್ದೆ. ಚಿಗವ್ವನ ಮೂರು ಪದಕಗಳು ಕೊರ್ಲಹಳ್ಳಿಯ ಮನೆಯ ದೇವರ ಜಗುಲಿಯ ಮೇಲೆ ಮೂರ್ತಿಗಳ ಜೊತೆಗಿವೆ. ಮನೆಗೆ ಬಂದ ಒಳ್ಳೆಯದೆಲ್ಲ ಮೊದಲು ಜಗುಲಿಗೆ ಹೋಗುವುದು ನಮ್ಮ ಆಯಿಯ, ಅಂದರೆ ಅವ್ವನ ಅವ್ವನ, ಕಾಲದ ರೂಢಿ. ಚಿಕ್ಕಂದಿನಿಂದ ಕೇಳಿಕೊಂಡು ಬಂದದ್ದು, ಒಂದು ಬಂಗಾರದ್ದು, ಒಂದು ಬೆಳ್ಳಿಯದು, ಒಂದು ಕಂಚಿನದು. ಬಂಗಾರದ್ದು ರಾಷ್ಟ್ರಮಟ್ಟದ ರೇಸಿನದು. ಫೋಟೊ ತೆಗೆಯೋಣವೆಂದು ಹೋಗಿ ಜಗುಲಿಯಿಂದ ಇಳಿಸಿದೆ. ಮೂರೂ ಒಂದೇ ಬಣ್ಣ. ತಿರುಗಿಸಿದೆ. ಮೂರರ ಮೇಲೂ ಅಕ್ಷರವಿಲ್ಲ. ಸೈಕಲ್ಲಿನ ಚಿತ್ರವಿದ್ದ ಕಡೆ ಎರಡು ಸಣ್ಣ ಸೊನ್ನೆಗಳು ಮಾತ್ರ ಕೈಗೆ ಹತ್ತುತ್ತಿದ್ದವು.

ಆದದ್ದಿಷ್ಟೇ. ಆಯಿ ಪ್ರತಿ ಅಮವಾಸ್ಯೆಗೆ ದೇವರ ಮುಖ, ದೀಪದ ಸಮೆ, ಗಂಟೆ, ತಂಬಿಗೆಯ ಜೊತೆಗೆ ಈ ಮೂರನ್ನೂ ಹುಣಸೆಹಣ್ಣು ಬೂದಿ ಹಚ್ಚಿ ತಿಕ್ಕುತ್ತಿದ್ದಳು. ಜಗುಲಿಯ ಮೇಲೆ ಕೂತದ್ದು ಹೊಳೆಯಬೇಕು, ಇದು ಅವಳ ಕಾನೂನು. ಆಯಿ ಹೋದ ಮೇಲೆ ಮನೆಯ ಸೊಸೆ ಅದೇ ಶ್ರದ್ಧೆಯಿಂದ ಮುಂದುವರಿಸಿದಳು. ಮೂವತ್ತು ವರ್ಷದ ಅಮವಾಸ್ಯೆಗಳು. ಮೊದಲು ಬಂಗಾರದ ನೀರು ಹೋಗಿದೆ, ಆಮೇಲೆ ಬೆಳ್ಳಿಯದು, ಆಮೇಲೆ ಇಸವಿ, ಊರು, ಸ್ಥಾನ. ಚಿಗವ್ವನ ಸಾಧನೆಯನ್ನು ನಮ್ಮ ಮನೆಯವರು ಪೂಜೆ ಮಾಡಿ ಮಾಡಿ ಅಳಿಸಿಬಿಟ್ಟಿದ್ದರು.

ಕರವಸ್ತ್ರದಲ್ಲಿ ಕಟ್ಟಿಕೊಂಡು ಗದಗಿಗೆ ತಂದು ಬಂಗಾರದ ಕೆಲಸದ ಒಬ್ಬ ಪತ್ತಾರರಿಗೆ ತೋರಿಸಿದೆ. ಅವರು ಒಂದೊಂದನ್ನೂ ಕಲ್ಲಿಗೆ ತಿಕ್ಕಿ, ಭೂತಗನ್ನಡಿಯಲ್ಲಿ ನೋಡಿ, ಬಹಳ ಮರ್ಯಾದೆಯಿಂದ ಹೇಳಿದರು. ‘ಅಕ್ಕಾರ, ಇದರಾಗ ಬಂಗಾರಾನೂ ಇಲ್ಲ, ಬೆಳ್ಳೀನೂ ಇಲ್ಲ, ಕಂಚೂ ಇಲ್ಲ. ಮೂರೂ ಹಿತ್ತಾಳಿ. ನಿಮ್ಮ ಚಿಗವ್ವಾರು ಮೂರೂ ಸಲ ಒಂದ ನಂಬರಿಗೆ ಬಂದಾರಂತ ತಿಳಕೋರಿ.’

ಪದಕ ಕೈಕೊಟ್ಟರೇನಾಯಿತು, ನನ್ನ ನೆನಪಿದೆಯಲ್ಲ ಎಂದುಕೊಂಡೆ. ಚಿಗವ್ವ ರಾಷ್ಟ್ರಮಟ್ಟದ ರೇಸು ಗೆದ್ದದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಉದ್ದ ರಸ್ತೆ, ಎರಡೂ ಕಡೆ ಜನ, ನಾನು ನೀರಿನ ತಂಬಿಗೆ ಹಿಡಿದು ನಿಂತಿದ್ದೇನೆ, ಚಿಗವ್ವ ಎರಡೂ ಕೈ ಮೇಲೆತ್ತಿ ಬರುತ್ತಿದ್ದಾಳೆ. ಇದನ್ನು ಅವ್ವನಿಗೆ ಹೇಳಿದೆ. ಅವಳು ಸೊಪ್ಪು ಸೋಸುತ್ತಲೇ ಅಂದಳು: ಆ ರೇಸು ನಡೆದದ್ದು ಉತ್ತರದ ಕಡೆ, ಎರಡು ದಿನದ ರೈಲು ದಾರಿ, ನೀನು ಆಗ ಮಂಗನಬಾವಾಗಿ ಗಲ್ಲಕ್ಕೆ ಪಟ್ಟಿ ಕಟ್ಟಿಕೊಂಡು ಇದೇ ಪಡಸಾಲೆಯಲ್ಲಿ ಮಲಗಿದ್ದೆ. ನಾನು ನೋಡಿದ್ದು ಅದಕ್ಕೂ ಮುಂಚೆ ಮುಂಡರಗಿ ರಸ್ತೆಯಲ್ಲಿ ನಡೆದ ರಾಜ್ಯಮಟ್ಟದ ರೇಸಂತೆ. ಚಿಗವ್ವನನ್ನು ಕೇಳಿದರೆ ಅದಕ್ಕೂ ಒಂದು ತಿದ್ದುಪಡಿ. ‘ನಾ ಎಂದೂ ಕೈ ಎತ್ತಿದಾಕಿ ಅಲ್ಲ. ಆ ರಸ್ತಾದಾಗ ಕೈ ಎತ್ತಿದ್ರ ಬಿದ್ದು ಹಲ್ಲು ಮುರಕೊಂತಿದ್ನಿ.’ ಮೂರು ಪದಕಗಳೂ ರಾಜ್ಯಮಟ್ಟದವು. ರಾಷ್ಟ್ರಮಟ್ಟದಲ್ಲಿ ಬಂದದ್ದು ನಾಲ್ಕನೆಯ ಸ್ಥಾನ. ಅದಕ್ಕೊಂದು ಪ್ರಮಾಣಪತ್ರವೂ ಇತ್ತು. ರೇಷನ್ ಕಾರ್ಡಿನ ಚೀಲದಲ್ಲಿ, ಪ್ಲಾಸ್ಟಿಕ್ಕಿನ ಹಾಳೆಯಲ್ಲಿ ಸುರಕ್ಷಿತವಾಗಿ. ಪೂಜೆಗೆ ಯೋಗ್ಯವಲ್ಲವೆಂದು ಉಳಿದುಕೊಂಡಿದೆ.

ಮೂವತ್ತು ವರ್ಷ ಮನೆತುಂಬ ಜನ ಬಂಗಾರ ಬಂಗಾರ ಎನ್ನುವಾಗ ನೀನು ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ. ಯಾರೂ ತನ್ನನ್ನು ಕೇಳಲಿಲ್ಲ ಎಂದಳು. ಖರೆ. ಹೊಗಳುವ ಭರಾಟೆಯಲ್ಲಿ ನಾವು ಕೇಳಿರಲಿಲ್ಲ.

ಹಾಗಾದರೆ ಆ ರೇಸಿನಲ್ಲಿ ಗೆದ್ದವರು ಯಾರು? ಗೆದ್ದದ್ದು ಲಕ್ಷ್ಮೇಶ್ವರದ ಮಾಬೂಬಿ, ಚಿಗವ್ವನ ತಂಡದ ಜೊತೆಗಾತಿ. ಚಿಗವ್ವನ ಗೆಳತಿ ಎಂದಮೇಲೆ ನನಗೂ ಚಿಗವ್ವನೇ ಆದ್ದರಿಂದ ಖಾಲಾ ಎನ್ನುತ್ತೇನೆ. ಆ ಗೆಲುವಿನ ಮೇಲೆ ಅವರಿಗೆ ಆಟಗಾರರ ಮೀಸಲಿನಲ್ಲಿ ದೂರದೂರಿನಲ್ಲಿ ಸರಕಾರಿ ನೌಕರಿ ಸಿಕ್ಕಿತು. ಈಗ ಊರಿಗೇ ಬಂದು ನೆಲೆಸಿದ್ದಾರೆ. ಅರ್ಜಿಗೆ ಜೊತೆಗಾರರ ಶಿಫಾರಸು ಪತ್ರವೊಂದು ಇದ್ದರೆ ಚೆನ್ನ ಎಂದು ಲಕ್ಷ್ಮೇಶ್ವರದ ಬಸ್ಸು ಹತ್ತಿದೆ.

ಖಾಲಾ ತಮ್ಮ ಪದಕವನ್ನು ಟ್ರಂಕಿನಿಂದ ತೆಗೆದು ತೋರಿಸಿದರು. ಯಾರೂ ಪೂಜೆ ಮಾಡದ ಕಾರಣ ಅಕ್ಷರಗಳೆಲ್ಲ ಇದ್ದವು. ಆಮೇಲೆ ಒಂದು ತಾಟು ತುಂಬ ಮಿರ್ಚಿ ಭಜಿ ಇಟ್ಟು, ನಾನು ಕೇಳದೆಯೇ ಆ ದಿನದ ಕಥೆ ಹೇಳಿದರು. ಮುಂಡರಗಿ ರಸ್ತೆಯ ರೇಸಿನಲ್ಲಿ ಗಾಳಿ ಕಡಿದದ್ದು ಖಾಲಾ, ಗೆದ್ದದ್ದು ಚಿಗವ್ವ. ರಾಷ್ಟ್ರಮಟ್ಟದಲ್ಲಿಯೂ ಹಾಗೇ ಮಾಡುವುದೆಂದು ಹಿಂದಿನ ದಿನ ಠರಾವಾಗಿತ್ತು; ಇಬ್ಬರಲ್ಲಿ ಚಿಗವ್ವನೇ ಗಟ್ಟಿ ಎಂದು ತಂಡದಲ್ಲಿ ಎಲ್ಲರಿಗೂ ಗೊತ್ತು. ಆ ವಯಸ್ಸಿನ ವಿಭಾಗದಲ್ಲಿ ಇಬ್ಬರಿಗೂ ಅದೇ ಕೊನೆಯ ವರ್ಷ. ರೇಸಿನ ಅರ್ಧ ದಾರಿ ಠರಾವಿನ ಪ್ರಕಾರವೇ ನಡೆಯಿತು. ಎದುರು ಗಾಳಿ ಜೋರಾದ ಮೇಲೆ ಚಿಗವ್ವ ಮಾತಿಲ್ಲದೆ ಪಕ್ಕಕ್ಕೆ ಬಂದು, ಖಾಲಾನನ್ನು ದಾಟಿ ಮುಂದೆ ಹೋದಳು. ಹೋದವಳು ಹಿಂದೆ ಸರಿಯಲಿಲ್ಲ. ಖಾಲಾ ಎರಡು ಸಲ ಕೂಗಿದರಂತೆ, ಪಾಳಿ ನನ್ನದು ಎಂದು. ಕೊನೆಯ ಗೆರೆ ಕಾಣುವಷ್ಟು ಹತ್ತಿರ ಬಂದಾಗ ಚಿಗವ್ವ ಎಡಕ್ಕೆ ಸರಿದು ದಾರಿ ಬಿಟ್ಟಳು. ಖಾಲಾ ನುಗ್ಗಿದರು, ಗೆದ್ದರು. ಚಿಗವ್ವನನ್ನು ಮತ್ತಿಬ್ಬರು ದಾಟಿದರು.

‘ನಾ ದಾಟೋವಾಗ ನೋಡೀನಿ, ಯವ್ವಾ,’ ಎಂದರು ಖಾಲಾ. ‘ಆಕಿ ಪೆಡಲ್ ನಿಲ್ಲಿಸಿದ್ಲು. ಉಸಿರು ಹತ್ತಿದ್ದಿಲ್ಲ. ಸುಮ್ನ ಕುಂತಿದ್ಲು, ಬಸ್ಸಿನಾಗ ಕುಂತಂಗ.’

ನಾನು ಕೂಡಲೇ ನಂಬಲಿಲ್ಲ. ನನ್ನ ತಂಬಿಗೆ, ಎತ್ತಿದ ಎರಡು ಕೈ, ಇವೂ ಹೀಗೇ ಸ್ಪಷ್ಟವಾಗಿದ್ದವು. ಮೈಯೆಲ್ಲ ಉರಿಯುವಾಗ, ಕಣ್ಣಿಗೆ ಬೆವರು ಇಳಿಯುವಾಗ, ಒಂದು ಕ್ಷಣದಲ್ಲಿ ದಾಟುವವಳಿಗೆ ಪಕ್ಕದವಳ ಉಸಿರು ಕಾಣುತ್ತದೆಯೇ? ಅಥವಾ ಮೂವತ್ತು ವರ್ಷ ಒಂದೇ ಕ್ಷಣವನ್ನು ತಿಕ್ಕಿ ತಿಕ್ಕಿ ಖಾಲಾ ಕೂಡ ಅದಕ್ಕೊಂದು ಹೊಳಪು ಬರಿಸಿಕೊಂಡಿದ್ದಾರೆಯೇ? ಭಜಿ ತಿಂದೆ. ಅವರು ಕನ್ನಡಕ ಹುಡುಕಿಕೊಂಡು, ಕುಳಿತು, ಸ್ವಂತ ಕೈಯಿಂದ ಪತ್ರ ಬರೆದುಕೊಟ್ಟರು. ಅದರಲ್ಲಿ ಈ ಸಾಲುಗಳು ಇದ್ದವು. ‘ಆ ಬಂಗಾರದ ಪದಕ ನಿಜವಾಗಿ ನೀಲವ್ವನದು. ಆಕೆ ಗಾಳಿ ಕಡಿಯದಿದ್ದರೆ ನಾನು ಗೆಲ್ಲುತ್ತಿರಲಿಲ್ಲ. ಕೊನೆಗೆ ಆಕೆ ಪೆಡಲ್ ನಿಲ್ಲಿಸದಿದ್ದರೆ ನಾನು ಎರಡನೆಯವಳು.’

ಬಸ್ಸಿನಲ್ಲಿ ಶಿರಹಟ್ಟಿಗೆ ಬರುವಾಗ ನಾನು ಆ ಸಾಲುಗಳನ್ನು ಎಷ್ಟು ಸಲ ಓದಿದೆನೋ. ಎರಡೂ ಅಂಕಣಗಳು ಅವುಗಳಿಂದ ತುಂಬುತ್ತಿದ್ದವು. ಇಂಥ ಪತ್ರ ಓದಿದ ಮೇಲೆ ಯಾವ ಸಮಿತಿ ತಾನೇ ಮುಂದಿನ ಅರ್ಜಿಗೆ ಹಾಳೆ ತಿರುವೀತು? ಖೋಲಿ ಉಳಿದಂತೆಯೇ ಎಂದು ಲೆಕ್ಕ ಹಾಕಿದ್ದೆ.

ಚಿಗವ್ವ ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ಪತ್ರವನ್ನು ನಿಧಾನವಾಗಿ ಓದಿದಳು. ಓದಿ, ಪೆನ್ನು ಕೇಳಿದಳು. ಸಹಿಗೆ ಎಂದುಕೊಂಡು ಕೊಟ್ಟೆ. ಅವಳು ಆ ಮೂರು ವಾಕ್ಯಗಳ ಮೇಲೆ, ಪರೀಕ್ಷೆಯ ಉತ್ತರಕ್ಕೆ ಎಳೆಯುವ ಹಾಗೆ, ನೇರವಾಗಿ ಗೆರೆ ಎಳೆದಳು.

‘ಇದು ಬ್ಯಾಡ.’

‘ಯಾಕ ಚಿಗವ್ವ? ಖರೆ ಅಲ್ಲೇನು ಇದು?’

‘ಖರೆ ಸುಳ್ಳಿನ ಮಾತಲ್ಲ. ಆಕೀಗಿ ಇರೂದು ಅದೊಂದ ಪದಕ. ಅದನ್ನ ತಂದು ನನ್ನ ಅರ್ಜಿಗೆ ಹಚ್ಚಬ್ಯಾಡ.’

‘ಮತ್ತ ಖೋಲಿ?’

‘ಖೋಲಿ ಬ್ಯಾರೆ ಹುಡುಕೂಣು.’

ಉಳಿದ ಪತ್ರವನ್ನು ಲಗತ್ತಿಸಿ ಕೊನೆಯ ದಿನದ ಹಿಂದಿನ ದಿನ ಅರ್ಜಿ ಕಳಿಸಿದೆ. ಗೆರೆ ಹೊಡೆದ ಹಾಳೆ ಕಳಿಸುವಂತಿರಲಿಲ್ಲವಾದ್ದರಿಂದ ಖಾಲಾನಿಗೆ ಫೋನ್ ಮಾಡಿ ಮತ್ತೊಮ್ಮೆ ಬರೆಸಿಕೊಳ್ಳಬೇಕಾಯಿತು. ಆಕಿ ಆಗಲೂ ಹಿಂಗ ಇದ್ಲು, ಎಂದರು ಅವರು. ಸಾಧನೆಯ ಅಂಕಣದಲ್ಲಿ ರಾಷ್ಟ್ರಮಟ್ಟ, ನಾಲ್ಕನೆಯ ಸ್ಥಾನ ಎಂದು ಬರೆದಿದ್ದೇನೆ. ಅರ್ಜಿ ಹೋಗಿದೆ ಎಂದರೂ ಖೋಲಿ ಉಳಿಯಲಿಲ್ಲ; ಸೈಕಲ್‌ಗಳು ಸದ್ಯಕ್ಕೆ ಒಬ್ಬ ಹುಡುಗಿಯ ಮನೆಯ ಹತ್ತಿ ತುಂಬುವ ಕೋಣೆಯಲ್ಲಿವೆ. ಹತ್ತಿ ಬರುವತನಕ ಚಿಂತೆಯಿಲ್ಲ.

ಈ ವರ್ಷದ ಪಟ್ಟಿ ಇನ್ನೂ ಬಂದಿಲ್ಲ. ಬಂದ ದಿನ ಅವ್ವ ಓದುತ್ತಾಳೆ, ನಾನು ಕೇಳುತ್ತೇನೆ. ಆದರೆ ನನ್ನ ಕುತೂಹಲ ಈಗ ಅಲ್ಲಿಲ್ಲ. ಆ ದಿನ ಹೊಸ್ತಿಲ ಮೇಲೆ ಚಿಗವ್ವ ಪೆನ್ನು ವಾಪಸ್ಸು ಕೊಟ್ಟಾಗ ನಾನು ಒಂದು ಮಾತು ಕೇಳಿದ್ದೆ. ಕೇಳಬಾರದಿತ್ತೇನೋ. ಅವಳು ಹೌದು ಎಂದರೆ ಖಾಲಾನ ಒಂದೇ ಒಂದು ಪದಕ ಹಗುರಾಗುತ್ತದೆ. ಇಲ್ಲ ಎಂದರೆ ಖಾಲಾ ಮೂವತ್ತು ವರ್ಷ ಎದೆಯಲ್ಲಿಟ್ಟುಕೊಂಡ ಗೆಳತಿ ಇಲ್ಲವಾಗುತ್ತಾಳೆ. ಚಿಗವ್ವ ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಎದ್ದು, ಚಹಾಕ್ಕೆ ಇಟ್ಟಳು. ಸಕ್ಕರೆ ಎಷ್ಟು ಎಂದು ಕೇಳಿದಳು. ಆಮೇಲೆ ಅವಳ ಮನೆಗೆ ನಾಲ್ಕು ಸಲ ಹೋಗಿ ಬಂದಿದ್ದೇನೆ, ನಾಲ್ಕು ಸಲವೂ ಚಹಾ ಕುಡಿದಿದ್ದೇನೆ. ಅವತ್ತು ಕೇಳಿದ್ದು ಇಷ್ಟೇ:

‘ಚಿಗವ್ವ, ಪೆಡಲ್ ನಿಲ್ಲಿಸಿದಾಗ ನಿನ್ನ ಕಾಲಾಗ ಇನ್ನೂ ಕಸುವು ಇತ್ತೇನು?’